‘ಪಿಎಫ್‌ಒಎ ಇಲ್ಲ’ ಎಂದು ಬರೆದಿದ್ದರೆ ಸಾಕೇ?

ಪ್ರಶ್ನೆ: ನಾನ್‌ಸ್ಟಿಕ್ ಪಾತ್ರೆಯ ಡಬ್ಬದ ಮೇಲೆ ‘ಪಿಎಫ್‌ಒಎ ಇಲ್ಲ’ ಎಂದು ಬರೆದಿರುತ್ತಾರೆ. ಹಾಗಾದರೆ ಇನ್ನು ಭಯ ಇಲ್ಲ ಅಲ್ವಾ? ಇಂಥ ರಾಸಾಯನಿಕಗಳು ಕುಡಿಯುವ ನೀರಿಗೂ ಸೇರುತ್ತವೆ ಎಂದು ಓದಿದೆ. ಸರ್ಕಾರಗಳು ಎಲ್ಲವನ್ನೂ ಒಟ್ಟಿಗೆ ಯಾಕೆ ನಿಷೇಧಿಸುವುದಿಲ್ಲ? ನೀರು ಕುದಿಸಿದರೆ ಅವು ಹೋಗುತ್ತವೆಯೇ?

ಉತ್ತರ: ಡಬ್ಬದ ಮೇಲಿನ ಮಾತು ಸುಳ್ಳಲ್ಲ. ಆದರೆ ಅದು ಒಂದೇ ಒಂದು ರಾಸಾಯನಿಕದ ಬಗ್ಗೆ ಹೇಳುತ್ತದೆ. ಪಿಎಫ್‌ಒಎ ಸೇರಿರುವುದು ಪಿಎಫ್‌ಎಎಸ್ ಎಂಬ ಗುಂಪಿಗೆ. ಅದರಲ್ಲಿ ಸಾವಿರಾರು ರಾಸಾಯನಿಕಗಳಿವೆ. ಇವುಗಳಲ್ಲಿ ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬೆಸುಗೆ ಬಲು ಗಟ್ಟಿ. ಹಾಗಾಗಿ ಮಣ್ಣು, ನೀರು ಸೇರಿದ ಮೇಲೆ ಅವು ಸುಲಭವಾಗಿ ಒಡೆದು ನಾಶವಾಗುವ ಮಾತೇ ಇಲ್ಲ.

ನನಗೆ ಪಾತ್ರೆಗಿಂತ ಜಾಸ್ತಿ ಚಿಂತೆ ಅದನ್ನು ತಯಾರಿಸುವ ಜಾಗದ್ದು. ನಾನ್‌ಸ್ಟಿಕ್ ಲೇಪನ ತಯಾರಿಸುವಾಗ ಪಿಎಫ್‌ಒಎ ಬಳಸುತ್ತಿದ್ದರು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಡುಪಾಂಟ್ ಕಾರ್ಖಾನೆಯಿಂದ ಅದು ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತು. ಜನ ಕೋರ್ಟಿಗೆ ಹೋದರು. ಕಂಪನಿಯ ಜೊತೆ ಆದ ರಾಜಿಯ ಷರತ್ತಿನಂತೆ ನೇಮಕವಾದ ವಿಜ್ಞಾನಿಗಳ ತಂಡ ಆರು ಕಾಯಿಲೆಗಳಿಗೂ ಪಿಎಫ್‌ಒಎಗೂ ನಂಟಿರುವ ಸಾಧ್ಯತೆ ಕಂಡಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ ಅವುಗಳಲ್ಲಿ ಸೇರಿವೆ. 2019ರಲ್ಲಿ, ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಪಿಎಫ್‌ಒಎ ಸೇರಿತು.

ಅಷ್ಟರಲ್ಲಿ ಅದರ ಜಾಗಕ್ಕೆ ಜೆನ್‌ಎಕ್ಸ್ ಎಂಬ ರಾಸಾಯನಿಕ ಬಂದಿತ್ತು. ಅದೂ ಇದೇ ಗುಂಪಿನದು! 2017ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕೇಪ್ ಫಿಯರ್ ನದಿಯ ನೀರಲ್ಲಿ ಅದು ಇರುವುದು ಜನರಿಗೆ ಗೊತ್ತಾಯಿತು. ಆ ನೀರನ್ನು ಅಷ್ಟು ದಿನ ಅವರು ಕುಡಿಯುತ್ತಲೇ ಇದ್ದರು. ಒಂದನ್ನು ನಿಷೇಧಿಸಿದರೆ ಅದರ ತಮ್ಮ ಬಂದು ಕೂರುತ್ತಾನೆ. ಒಂದೊಂದಾಗಿ ನಿಷೇಧಿಸುವ ಪದ್ಧತಿಯ ದೊಡ್ಡ ದೋಷ ಇದೇ.

ಒಟ್ಟಿಗೆ ಯಾಕೆ ನಿಷೇಧಿಸಲ್ಲ ಅಂದರೆ, ಕಾನೂನು ಇರುವುದೇ ಹಾಗೆ. ಅಮೆರಿಕದ 1976ರ ಕಾಯ್ದೆ ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆ ಇಲ್ಲದೆ ಒಪ್ಪಿಕೊಂಡಿತು. ಹಾನಿ ಇದೆ ಎಂದು ಸರ್ಕಾರವೇ ತೋರಿಸಬೇಕಿತ್ತು. 1989ರಲ್ಲಿ ಕ್ಯಾನ್ಸರ್ ತರುವ ಕಲ್ನಾರನ್ನು (ಆಸ್ಬೆಸ್ಟಾಸ್) ನಿಷೇಧಿಸಿದಾಗ, 1991ರಲ್ಲಿ ಕೋರ್ಟ್ ಆ ನಿಷೇಧದ ಬಹುಪಾಲನ್ನು ರದ್ದು ಮಾಡಿತು. ಕಲ್ನಾರಿನ ವಿಷಯದಲ್ಲೇ ಹೀಗಾದರೆ ಉಳಿದವುಗಳ ಗತಿ? 2016ರಲ್ಲಿ ಆ ಕಾಯ್ದೆ ತಿದ್ದುಪಡಿಯಾಯಿತು. ಯುರೋಪಿನ 2007ರ ಕಾನೂನು ಇದಕ್ಕೆ ಉಲ್ಟಾ. ಸುರಕ್ಷತೆಯ ಮಾಹಿತಿಯನ್ನು ಕಂಪನಿಯೇ ಕೊಡಬೇಕು, ಇಲ್ಲದಿದ್ದರೆ ಮಾರುವ ಹಾಗಿಲ್ಲ. 2023ರಲ್ಲಿ ಜರ್ಮನಿ, ಡೆನ್ಮಾರ್ಕ್ ಸೇರಿ ಐದು ದೇಶಗಳು ಇಡೀ ಪಿಎಫ್‌ಎಎಸ್ ಗುಂಪಿಗೇ ಕಡಿವಾಣ ಹಾಕುವ ಪ್ರಸ್ತಾವ ಮುಂದಿಟ್ಟವು. ನನ್ನ ಮಟ್ಟಿಗೆ ಸರಿಯಾದ ದಾರಿ ಅದು.

ನೀರಿನ ಮಿತಿ ನೋಡಿ. 2016ರಲ್ಲಿ ಅಮೆರಿಕ ಸಲಹೆಯಾಗಿ ಕೊಟ್ಟ ಮಟ್ಟ ಲೀಟರಿಗೆ 70 ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ). 2024ರಲ್ಲಿ ಪಿಎಫ್‌ಒಎಗೆ ಹಾಕಿದ ಕಾನೂನು ಮಿತಿ 4. ಆರೋಗ್ಯದ ದೃಷ್ಟಿಯಿಂದ ಇಟ್ಟ ಗುರಿ ಸೊನ್ನೆ. ಪ್ರಯೋಗಾಲಯಗಳು ನಂಬುವಂತೆ ಅಳೆಯಬಲ್ಲ ಕನಿಷ್ಠ ಮಟ್ಟ ಸುಮಾರು 4, ಅದಕ್ಕೇ ಆ ಅಂಕಿ. ಅಷ್ಟರೊಳಗಿದ್ದರೆ ಏನೂ ಆಗಲ್ಲ ಎಂಬ ಭರವಸೆ ಅದರಲ್ಲಿಲ್ಲ. 2025ರಲ್ಲಿ ಇದನ್ನು ಪಾಲಿಸಲು 2031ರವರೆಗೆ ಸಮಯ ಕೊಡುವುದಾಗಿ ಅಮೆರಿಕ ಸರ್ಕಾರ ಹೇಳಿತು. ಅಲ್ಲಿಯವರೆಗೂ ಜನ ಅದೇ ನೀರು ಕುಡಿಯಬೇಕು. ಇದು ಅನ್ಯಾಯ.

ಇನ್ನು ಕುದಿಸುವ ವಿಷಯ. ಕುದಿಸಿದರೆ ಪಿಎಫ್‌ಎಎಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆರ್‌ಒ ಫಿಲ್ಟರ್ ಅದನ್ನು ಚೆನ್ನಾಗಿ ತಡೆಯುತ್ತದೆ. ಒಳ್ಳೆಯ ಇದ್ದಿಲು ಫಿಲ್ಟರ್ ಕೂಡ ಬಹಳಷ್ಟನ್ನು ತಡೆಯುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಸುಮ್ನೆ ದುಡ್ಡು ಸುರಿಯುವ ಮೊದಲು ನಿಮಗೆ ನೀರು ಕೊಡುವ ಸಂಸ್ಥೆಯಿಂದ ಪರೀಕ್ಷೆಯ ವರದಿ ಕೇಳಿ. ಅದರಲ್ಲಿ ಪಿಎಫ್‌ಎಎಸ್ ಅಳೆದಿದ್ದಾರೆಯೇ, ಯಾವ ಯಾವುದನ್ನು ಅಳೆದಿದ್ದಾರೆ ಎಂದು ನೋಡಿ. ಅಳೆದೇ ಇಲ್ಲದಿದ್ದರೆ ಬರಹದಲ್ಲಿ ದೂರು ಕೊಡಿ.