ಸಂಪಾದಕರ ಉತ್ತರ: ಕಡ್ಡಿಗೆ ಬಿಸಿಲು ಬೀಳಬೇಕು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮೂರು ಎಕರೆ ದ್ರಾಕ್ಷಿ ತೋಟ ಇದೆ. ಮದುವೆಯಾಗಿ ನಾಲ್ಕು ವರ್ಷ. ಚರ್ಚಿನ ಸಭೆಯಲ್ಲಿ ಹಾಡಿನ ತಂಡ ನಡೆಸುತ್ತಾರೆ. ಎರಡು ವರ್ಷದಿಂದ ಐಪಿಎಲ್ ಬೆಟ್ಟಿಂಗ್ ಹತ್ತಿಕೊಂಡು ಸಾಲವಾಗಿದೆ, ಹೆಂಡತಿಗೆ ಗೊತ್ತಿಲ್ಲ. ರೀಲ್ಸ್ ನೋಡುತ್ತಾ ರಾತ್ರಿ ಒಂದು ಗಂಟೆಯಾಗುತ್ತದೆ, ಬೆಳಗಿನ ಪ್ರಾರ್ಥನೆ ತಪ್ಪುತ್ತದೆ. ಪ್ರತಿ ತಿಂಗಳು ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ದೇವರಿಗೆ ಮಾತು ಕೊಡುತ್ತಾರೆ. ಬುಧವಾರದ ಹೊತ್ತಿಗೆ ಅದು ಮುರಿದಿರುತ್ತದೆ. "ಬಿಡಬೇಕಂತ ಗೊತ್ತೈತ್ರಿ ಅಣ್ಣಾರ, ಬಿಡಾಕ ಆಗವಲ್ದು. ಇದೆಲ್ಲಾ ಪಾಪಾನ ಏನ್ರಿ?" ಎಂದು ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಅವಸರದಲ್ಲಿ ಉತ್ತರ ಕೊಡುವಂಥ ಪತ್ರ ಅಲ್ಲ ಅದು.

ನೀವು ಬೆಟ್ಟಿಂಗ್, ರೀಲ್ಸ್, ಕ್ರಿಕೆಟ್, ಹಾಡಿನ ಪ್ರಾಕ್ಟೀಸು ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದೀರಿ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಹಾಗೆ ಕಟ್ಟುವುದಿಲ್ಲ. ಓಡುವವನಿಗೆ ಅಡ್ಡಿಯಾಗುವ ಭಾರ ಒಂದು, ಹತ್ತಿಕೊಳ್ಳುವ ಪಾಪ ಇನ್ನೊಂದು. ಎರಡನ್ನೂ ತೆಗೆದಿಡಬೇಕು, ಆದರೆ ಎರಡೂ ಒಂದೇ ಅಲ್ಲ.

ತೋಟದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ? ಬಳ್ಳಿಗೆ ದಾವಣಿ ರೋಗ ಬಿದ್ದರೆ ನಾಳೆ ನೋಡೋಣ ಅಂತ ಯಾರೂ ಕೂರುವುದಿಲ್ಲ. ಆದರೆ ಏಪ್ರಿಲ್ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಕೆಲಸದ ನಂತರ ಬರುವ ಹೆಚ್ಚಿನ ಚಿಗುರನ್ನೂ ತೆಗೆಯುತ್ತೀರಿ. ಅದರಲ್ಲಿ ರೋಗವೇನೂ ಇರುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಬಬಲೇಶ್ವರ ಕಡೆ ನೆಂಟರ ತೋಟದಲ್ಲಿ ಒಂದು ತಾಸು ನಿಂತಿದ್ದೆ. ಕೆಲಸಕ್ಕೆ ಬಂದ ಅಕ್ಕ ಒಬ್ಬರು ಬಳ್ಳಿಯ ಕೆಳಗೆ ಬಗ್ಗಿ, ಹೆಬ್ಬೆರಳಿನಿಂದ ಚಿಗುರು ಮುರಿಯುತ್ತಿದ್ದರು. ಟಕ್ ಅಂತ ಸಣ್ಣ ಸದ್ದು. ಕಾಲ ಬಳಿ ಎಳೆ ಹಸಿರು ಬಿದ್ದಿತ್ತು. ಇಷ್ಟು ಚೆಂದದ್ದನ್ನು ಯಾಕೆ ತೆಗೀತೀರಿ ಎಂದೆ. "ಕಡ್ಡಿಗೆ ಬಿಸಲ ಬೀಳಬೇಕ್ರಿ" ಎಂದರು. ಉಳಿದದ್ದನ್ನು ತೋಟದ ಯಜಮಾನರು ಹೇಳಿದರು. ಅಕ್ಟೋಬರ್ ಚಾಟ್ನಿ ಆದಮೇಲೆ ಬರುವ ಗೊನೆ ಈ ಬೇಸಿಗೆಯಲ್ಲೇ ಕಡ್ಡಿಯ ಕಣ್ಣಿನೊಳಗೆ, ಅಂದರೆ ಮೊಗ್ಗಿನೊಳಗೆ ಕಟ್ಟುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಎಲೆ ಜಾಸ್ತಿಯಾಗಿ ನೆರಳು ಕವಿದರೆ ಆ ಕಣ್ಣು ಮುಂದೆ ಚಿಗುರೇನೋ ಚಿಗುರುತ್ತದೆ, ಗೊನೆ ಕೊಡುವುದಿಲ್ಲ.

ನಿಮ್ಮ ರೀಲ್ಸ್ ಇಂಥ ನೆರಳು. ಕ್ರಿಕೆಟ್ ನೋಡುವುದು ಪಾಪ ಅಂತ ನಾನು ಹೇಳಲಾರೆ. ಅದು ಯಾವ ಹೊತ್ತನ್ನು ತಿನ್ನುತ್ತಿದೆ ಅಂತ ನೋಡಿ. ಹಾಡಿನ ತಂಡವೂ ನೆರಳಾಗಬಹುದು. ಪತ್ರಿಕೆಯ ಕೆಲಸ ದೇವರ ಕೆಲಸವೇ ಅಲ್ವಾ ಅಂದುಕೊಂಡು, ಪುಟ ತಿದ್ದುತ್ತಾ ಪ್ರಾರ್ಥನೆ ಬಿಟ್ಟ ತಿಂಗಳುಗಳು ನನಗೂ ಇವೆ. ಆಗ ನಾನು ಬರೆದದ್ದರಲ್ಲಿ ಈಗ ಎಲೆ ಕಾಣುತ್ತದೆ, ಹಣ್ಣು ಕಾಣುವುದಿಲ್ಲ.

ಬೆಟ್ಟಿಂಗ್ ಮಾತ್ರ ನೆರಳಲ್ಲ, ರೋಗ. ಸಾಲಕ್ಕಿಂತ ನೀವು ಮುಚ್ಚಿಟ್ಟದ್ದು ನನಗೆ ಹೆಚ್ಚು ಭಯ ಹುಟ್ಟಿಸಿತು. ಪ್ರತಿ ತಿಂಗಳು ದೇವರಿಗೆ ಹೇಳಿದ್ದೀರಿ, ಒಬ್ಬ ಮನುಷ್ಯರಿಗೂ ಹೇಳಿಲ್ಲ. ಯಾಕೋಬನ ಪತ್ರ 5ನೇ ಅಧ್ಯಾಯ, 16ನೇ ವಚನ ತೆಗೆಯಿರಿ. ಪಾಪವನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಲು ಅಲ್ಲಿ ಹೇಳಿದೆ, ಗುಣವಾಗುವುದಕ್ಕೋಸ್ಕರ. ಯಾರಿಂದ ಎಷ್ಟು ತಂದಿದ್ದೀರಿ, ಎಷ್ಟು ತೀರಿಸಬೇಕು, ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಹಿಡಿದು ನಿಮ್ಮ ಹೆಂಡತಿ, ನಮ್ಮ ತಂಗಿಯ ಮುಂದೆ ಕೂತು ಹೇಳಿ. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಸಭೆಯ ಪಾಸ್ಟರ್ ಅಯ್ಯನವರನ್ನು ಕರೆದುಕೊಳ್ಳಿ. ಲೂಕನ ಸುವಾರ್ತೆಯ ಸುಂಕದವನಾದ ಜಕ್ಕಾಯನ ಮಾನಸಾಂತರದಲ್ಲೂ ಲೆಕ್ಕವಿತ್ತು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಆಕೆ ಅಳಬಹುದು, ಸಿಟ್ಟಾಗಬಹುದು. ಅದನ್ನು ತಡೆದುಕೊಳ್ಳಿ, ಅವಸರದಲ್ಲಿ ಕ್ಷಮೆ ಕೇಳಿ ಬಾಯಿ ಮುಚ್ಚಿಸಬೇಡಿ. ಚಾಟ್ನಿ ಮಾಡಿದ ಕಡ್ಡಿಯ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದ್ದೀರಲ್ಲ. ಬೇರು ನೀರು ಏರಿಸುತ್ತಿದೆ ಅಂತ ಅದರ ಅರ್ಥ.

ಜೂಜಿನ ಚಟ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯನ್ನೂ ಬೇಡುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಾಚಿಕೆ ಪಡಬೇಡಿ.

ಇನ್ನು ನಿಮ್ಮ ಬುಧವಾರ. ಯೋಹಾನನ ಸುವಾರ್ತೆ 15ರಲ್ಲಿ ಯೇಸು ತಾನು ಬಳ್ಳಿ, ತನ್ನ ತಂದೆ ತೋಟಗಾರ ಎನ್ನುತ್ತಾನೆ. ನಾವು ಕೊಂಬೆ. ಕತ್ತರಿ ತಂದೆಯ ಕೈಯಲ್ಲಿದೆ. ನೀವು ಪ್ರತಿ ತಿಂಗಳು ಆ ಕತ್ತರಿಯನ್ನು ಕಿತ್ತುಕೊಂಡು ನಿಮ್ಮನ್ನು ನೀವೇ ಕತ್ತರಿಸಿಕೊಳ್ಳಲು ನೋಡುತ್ತಿದ್ದೀರಿ, ಆಮೇಲೆ ಬಳ್ಳಿಯಿಂದ ದೂರ ಬಿದ್ದು ಒಣಗುತ್ತಿದ್ದೀರಿ. ಕೊಂಬೆಗೆ ಅಲ್ಲಿ ಹೇಳಿದ ಕೆಲಸ ಒಂದೇ: ನನ್ನಲ್ಲಿ ನೆಲೆಗೊಂಡಿರು. ಫಲ ಕೊಡುವ ಕೊಂಬೆಯನ್ನು ತಂದೆ ಶುದ್ಧಿ ಮಾಡುತ್ತಾನೆ ಅಂತ ಎರಡನೆಯ ವಚನ. ನಾನು ಹೇಳಿದ ವಾಕ್ಯದಿಂದ ನೀವು ಈಗಾಗಲೇ ಶುದ್ಧರು ಅಂತ ಮೂರನೆಯದು. ನನಗೆ ತಿಳಿದಂತೆ ಕತ್ತರಿ ಅಂದರೆ ಆ ವಾಕ್ಯವೇ.

ಅದಕ್ಕೆ ಈ ಸಲ ದೊಡ್ಡ ಮಾತು ಕೊಡಬೇಡಿ. ರಾತ್ರಿ ಒಂಬತ್ತಕ್ಕೆ ಮೊಬೈಲನ್ನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿ ಒಳಗೆ ಹೋಗಿ. ಬೆಳಿಗ್ಗೆ ಮೋಟರ್ ಚಾಲು ಮಾಡಿ ನೀರು ಬರುವವರೆಗೆ ತೋಟದಲ್ಲಿ ಸುಮ್ನೆ ಕೂರುತ್ತೀರಲ್ಲ, ಆಗ ಯೋಹಾನನ ಒಂದು ಅಧ್ಯಾಯ ಓದಿ. ಒಟ್ಟು 21 ಇವೆ. ಓದಿದ ಮೇಲೆ ಏನೂ ಆಗಿಲ್ಲ ಅನ್ನಿಸಿದರೂ ಮರುದಿನ ಓದಿ. ಬೇಸಿಗೆಯಲ್ಲಿ ಕಡ್ಡಿಯ ಮೇಲೆ ಗೊನೆ ಹುಡುಕುವವರು ಯಾರೂ ಇಲ್ಲ.

ಹಾಳೆ ಬರೆದು, ನಮ್ಮ ತಂಗಿಗೆ ಹೇಳಿದ ದಿನ ನನಗೆ ಒಂದು ಸಾಲು ಬರೆಯಿರಿ. ಅಕ್ಟೋಬರ್ ಚಾಟ್ನಿಗೆ ಆ ಕಡೆ ಬರುತ್ತೇನೆ, ನಿಮ್ಮ ತೋಟ ನೋಡುವುದಿದೆ.

ನಿಮ್ಮ ಸಹೋದರ,
ಸಂಪಾದಕ