ಕಾರು ತಾನೇ ಗುದ್ದಿಕೊಂಡಾಗ ತಪ್ಪು ಯಾರದೆಂದು ವಿಮಾ ಕಂಪನಿ ಹೇಗೆ ನಿರ್ಧರಿಸುತ್ತದೆ?

ಬೇರೆ ವಾಹನದ ಪಾತ್ರವಿಲ್ಲದೆ ಕಾರು ಡಿವೈಡರಿಗೋ ಮರಕ್ಕೋ ಗುದ್ದಿದಾಗ ತಪ್ಪು ಸಾಮಾನ್ಯವಾಗಿ ಚಾಲಕನದೆಂದೇ ಪರಿಗಣಿತವಾಗುತ್ತದೆ; ಆದರೆ ಭಾರತದಲ್ಲಿ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ, ರಿಪೇರಿಯ ಹಣ ಪಡೆಯಲು ಆ ತಪ್ಪು ಅಡ್ಡಿಯಾಗುವುದಿಲ್ಲ. ಅದರ ‘ಓನ್ ಡ್ಯಾಮೇಜ್’ ಭಾಗವು, ಅಂದರೆ ಸ್ವಂತ ವಾಹನದ ಜಖಂಗೆ ಸಿಗುವ ರಕ್ಷಣೆಯು, ಮಾಲೀಕ ಮತ್ತು ಕಂಪನಿಯ ನಡುವಿನ ಒಪ್ಪಂದವಾದ್ದರಿಂದ ಅಲ್ಲಿ ಪರಿಶೀಲಿಸುವುದು ಪಾಲಿಸಿಯ ಷರತ್ತುಗಳನ್ನು ಮಾತ್ರ.

ಸರ್ವೇಯರ್, ಅಂದರೆ ಹಾನಿ ಅಂದಾಜಿಸುವ ಪರಿಶೀಲಕರು, ಜಖಂ ನೋಡಿ, ಕ್ಲೇಮ್ ಫಾರಂನಲ್ಲಿ ನೀವು ಬರೆದ ವಿವರಣೆಯೊಂದಿಗೆ ತಾಳೆ ಹಾಕುತ್ತಾರೆ. ಚಾಲಕ ಕುಡಿದಿದ್ದರೆ ಅಥವಾ ಅವರಿಗೆ ಲೈಸೆನ್ಸ್ ಇಲ್ಲದಿದ್ದರೆ ಕ್ಲೇಮ್ ತಿರಸ್ಕೃತವಾಗುತ್ತದೆ. ಅಪಘಾತದ ನಂತರದ ನಡೆಯೂ ಮುಖ್ಯ: ಕಲ್ಲು ತಗುಲಿ ಆಯಿಲ್ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತುಂಬುವ ತೊಟ್ಟಿ) ಒಡೆದ ಮೇಲೂ ಕಾರು ಓಡಿಸಿ ಎಂಜಿನ್ ಜಾಮ್ ಆದರೆ, ಸಂಪಿನ ಹಣ ಸಿಕ್ಕೀತು, ಎಂಜಿನ್ನಿನದು ಸಾಮಾನ್ಯವಾಗಿ ಸಿಗದು. ದಯವಿಟ್ಟು ಕಾರನ್ನು ಅಲ್ಲೇ ನಿಲ್ಲಿಸಿ ಟೋಯಿಂಗ್ ವಾಹನ ಕರೆಸಿ.

ತಪ್ಪು ನಿಜಕ್ಕೂ ಭಾರವಾಗುವುದು ಚಾಲಕನೇ ಮೃತಪಟ್ಟಾಗ. ಕರ್ನಾಟಕದ ಪ್ರಕರಣವೊಂದರಲ್ಲಿ, ತನ್ನದೇ ಅತಿವೇಗದಿಂದ ಸತ್ತ ಚಾಲಕನ ಕುಟುಂಬಕ್ಕೆ ಪರಿಹಾರ ನಿರಾಕರಿಸಿದ ಹೈಕೋರ್ಟ್ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ 2025ರಲ್ಲಿ ಒಪ್ಪಲಿಲ್ಲ. ಮಾಲೀಕರೇ ಕಾರು ಓಡಿಸುತ್ತಿದ್ದರೆ, ಇಂಥ ಸಂದರ್ಭದಲ್ಲಿ ಮನೆಯವರಿಗೆ ಒದಗುವುದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಪ್ರೀಮಿಯಂ ಉಳಿಸಲೆಂದು ಅದನ್ನು ಕೈಬಿಡಬೇಡಿ.