ಸರ್ವರ್ ಸಂದೇಹ: ಪೋರ್ಟ್ ಬದಲಿಸಿದರೆ ಸಾಕೇ?

ಪ್ರಶ್ನೆ: ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಸಗಟು ವ್ಯಾಪಾರ. ಟ್ಯಾಲಿ ಇರುವ ವಿಂಡೋಸ್ ಸರ್ವರ್‌ಗೆ ಹರಿಹರದ ಗೋಡೌನಿನವರೂ ಆಡಿಟರೂ ದೂರದಿಂದಲೇ ಸರ್ವರ್ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರುತ್ತಾರೆ. ಈಚೆಗೆ ಸರ್ವರಿನ ಲಾಗ್ (ದಾಖಲೆ) ತೆಗೆದರೆ ರಾತ್ರಿಯೆಲ್ಲ 4625 ಎಂಬ ನಮೂದುಗಳದ್ದೇ ಸಾಲು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಪೋರ್ಟ್ (ಹೊರಗಿನವರು ಸರ್ವರಿಗೆ ಬರುವ ಬಾಗಿಲಿನ ನಂಬರು) ಬದಲಿಸಿ, ‘ಇನ್ನೇನೂ ಆಗಲ್ಲ ಬಿಡಣ್ಣ’ ಅಂದಿದ್ದಾನೆ. ನಂಬಬಹುದೇ?
— ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಹುಡುಗನನ್ನು ಬೈಯಬೇಡಿ, ನಂಬಲೂ ಬೇಡಿ. 4625 ಅಂದರೆ ಲಾಗಿನ್ ವಿಫಲವಾಯಿತು ಎಂದು. ನಿಮ್ಮ ಅಂಗಡಿಯ ಮೇಲೇ ಯಾರಿಗೋ ಕಣ್ಣು ಬಿದ್ದಿದೆ ಅಂತೇನಲ್ಲ. ಇಂಟರ್ನೆಟ್ಟಿನ ವಿಳಾಸಗಳನ್ನೆಲ್ಲ ತಡಕುತ್ತ ಹೋಗುವ ಪ್ರೋಗ್ರಾಮುಗಳಿವೆ. ರಿಮೋಟ್ ಡೆಸ್ಕ್‌ಟಾಪ್‌ನ ಮಾಮೂಲಿ ಪೋರ್ಟ್ 3389 ತೆರೆದಿದ್ದ ಕಡೆ ‘ಅಡ್ಮಿನಿಸ್ಟ್ರೇಟರ್’ ಹೆಸರಿಗೆ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತವೆ. ಪೋರ್ಟ್ ಬದಲಿಸುವುದೆಂದರೆ ಅಂಗಡಿಯ ಬೋರ್ಡ್ ಕಿತ್ತಿಟ್ಟು ಶಟರ್ ಎತ್ತಿಯೇ ಮನೆಗೆ ಹೋದಂತೆ. ಕೆಲವು ದಿನ ಕಾಟ ಕಡಿಮೆಯಾದೀತು, ಅಷ್ಟೆ.

ನೀವು ಹುಡುಕಬೇಕಾದ್ದು 4624. ಅದು ಒಳಗೆ ಬಂದವರ ನಮೂದು. ‘ಲಾಗಾನ್ ಟೈಪ್ 10’ ಎಂದಿದ್ದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದವರು. ಗೋಡೌನು ಮುಚ್ಚಿ, ಆಡಿಟರೂ ಮಲಗಿರುವ ಹೊತ್ತಿನಲ್ಲಿ ಗುರುತಿಲ್ಲದ ಐಪಿ ವಿಳಾಸದಿಂದ ಹಾಗೊಂದು ಸಿಕ್ಕರೆ ನೆಟ್‌ವರ್ಕ್ ಕೇಬಲ್ ಕೀಳಿ. ಸರ್ವರ್ ಮಾತ್ರ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಕುರುಹು ಅಳಿಸಿಹೋಗುತ್ತದೆ. ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಬಂದಿದೆ. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಏನೂ ಸಿಗಲಿಲ್ಲವೇ? ಹೊರಗಿನವರನ್ನು ನೇರ ಸರ್ವರಿಗೆ ಬಿಡುವ, ರೂಟರಿನಲ್ಲಿರುವ ಪೋರ್ಟ್ ಫಾರ್ವರ್ಡಿಂಗ್ ಇವತ್ತೇ ಅಳಿಸಿಸಿ. ಹೊರಗಿನವರು ಮೊದಲು ಗುರುತಿನವರಿಗಷ್ಟೇ ತೆರೆಯುವ ಖಾಸಗಿ ದಾರಿಯಾದ ವಿಪಿಎನ್‌ಗೆ ಬರಲಿ, ಅಲ್ಲಿಂದ ಸರ್ವರ್‌ಗೆ. ಒಬ್ಬೊಬ್ಬರಿಗೂ ಬೇರೆ ಖಾತೆ ಕೊಡಿ. ಟ್ಯಾಲಿಯಲ್ಲಿ ಬಿಲ್ ಹಾಕುವವರಿಗೆ ಅಡ್ಮಿನ್ ಅಧಿಕಾರ ಯಾಕೆ? ವಿಪಿಎನ್ ಕಿರಿಕಿರಿ ಅಂತ ಆಡಿಟರು ಗೊಣಗುತ್ತಾರೆ. ಗೊಣಗಲಿ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ನೋಡಿದ ಅಂಗಡಿಗಳಲ್ಲಿ ಯುಎಸ್‌ಬಿ ಡಿಸ್ಕ್ ವರ್ಷವಿಡೀ ಸರ್ವರ್‌ಗೇ ಜೋತುಬಿದ್ದಿರುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮು) ಬಂದರೆ ಅದಕ್ಕೂ ಬೀಗವೇ. ಎರಡು ಡಿಸ್ಕ್ ಇಡಿ, ಒಂದು ಸದಾ ಮನೆಯಲ್ಲಿರಲಿ. ಆಗಾಗ ಬೇರೆ ಕಂಪ್ಯೂಟರಿಗೆ ರೀಸ್ಟೋರ್ ಮಾಡಿ, ಹಿಂದಿನ ದಿನದ ಬಿಲ್ ತೆರೆಯುತ್ತದೆಯೇ ನೋಡಿ.

ಪ್ರಶ್ನೆ: ಎಣ್ಣೆ ಮಿಲ್ಲಿನಲ್ಲಿ ವಿಂಡೋಸ್ ಸರ್ವರ್ 2012 ಆರ್2 ಚೆನ್ನಾಗಿಯೇ ಓಡುತ್ತಿದೆ. ಯಾಕೆ ಬದಲಿಸಬೇಕು?
— ಮಿಲ್ ಮಾಲೀಕ, ಚಳ್ಳಕೆರೆ

ಉತ್ತರ: ಓಡುವುದು ಓಡುತ್ತದೆ. ಆದರೆ 2023ರ ಅಕ್ಟೋಬರ್ 10ಕ್ಕೇ ಅದರ ಮಾಮೂಲಿ ಬೆಂಬಲ ಮುಗಿದಿದೆ. 2017ರ ಮೇನಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದಾಗ ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಪೆಟ್ಟು ತಿಂದವರು ಅದನ್ನು ಹಾಕಿಕೊಳ್ಳದವರು. ಬೇರೆ ದುಡ್ಡು ಕಟ್ಟದಿದ್ದರೆ ನಿಮಗೆ ಹೊಸ ಬಿರುಕುಗಳಿಗೆ ತೇಪೆಯೂ ಬರುವುದಿಲ್ಲ. ಶೇಂಗಾ ಸೀಸನ್ ಮುಗಿಸಿಯೇ ಬದಲಿಸಿ, ಅಡ್ಡಿಯಿಲ್ಲ. ಅಲ್ಲಿಯತನಕ ಆ ಯಂತ್ರಕ್ಕೆ ಇಂಟರ್ನೆಟ್ ಬೇಡ, ಕಡತ ಹಂಚಿಕೊಳ್ಳುವ ಹಳೇ ವಿಧಾನವಾದ ಎಸ್‌ಎಂಬಿ 1 ಆಫ್ ಇರಲಿ.